ಮಗಳು ಮಿಡಲ್ ಸ್ಕೂಲಿಗೆ ಹೋಗ್ತಿದಾಳೆ, ಬ್ಯಾಗು ಪುಸ್ತಕ ಬಿಟ್ಟು ಇನ್ನೇನು ತಯಾರಿ ಮಾಡ್ಬೇಕು?

ಪುಟ್ಟಿ ಅಮ್ಮ

ಎಲ್ರಿಗೂ ನಮಸ್ಕಾರ. ಮಗಳಿಗೆ ಈಗ 11 ವರ್ಷ, ಐದನೇ ಕ್ಲಾಸ್ ಮುಗೀತು, ರಜ ಕಳೆದ್ರೆ ಆರನೇ ಕ್ಲಾಸು, ಅದೂ ಬೇರೆ ಸ್ಕೂಲು. ಇಷ್ಟು ವರ್ಷ ಬೆಳಿಗ್ಗೆಯಿಂದ ಸಂಜೆ ತನಕ ಒಬ್ರೇ ಮಿಸ್ ಇರ್ತಿದ್ರು, ಇವಳು ಸ್ವಲ್ಪ ಸಪ್ಪಗಿದ್ರೂ ಅವ್ರಿಗೆ ಗೊತ್ತಾಗೋದು, ಸಂಜೆಯೊಳಗೆ ನಂಗೊಂದು ಫೋನ್ ಬರೋದು. ಇನ್ಮೇಲೆ ಸಬ್ಜೆಕ್ಟಿಗೊಬ್ರು ಟೀಚರಂತೆ, ಕೆಲವು ಪೀರಿಯಡ್ಡಿಗೆ ರೂಮ್ ಕೂಡ ಬದಲಾಯಿಸ್ಬೇಕಂತೆ, ಜೊತೆಗೆ ಓದಿದ ಹುಡುಗಿಯರು ಅರ್ಧಕ್ಕರ್ಧ ಬೇರೆ ಸೆಕ್ಷನ್ನು.

ಸಾಮಾನು ತರೋದು ಎಲ್ಲಾ ಮುಗೀತು, ನನ್ನ ಪ್ರಶ್ನೆ ಅದಲ್ಲ. ಮೊನ್ನೆ ರಾತ್ರಿ ಲೈಟ್ ಆರಿಸಿ ರೂಮಿಂದ ಹೊರಗೆ ಬರ್ತಿದ್ದೆ, ಕತ್ತಲಲ್ಲೇ ಕೇಳಿದ್ಲು, "ಅಮ್ಮಾ, ಅಲ್ಲಿ ಯಾರೂ ನನ್ನ ಪಕ್ಕ ಕೂತ್ಕೊಳ್ಳಿಲ್ಲ ಅಂದ್ರೆ ನಾನೆಲ್ಲಿ ಕೂತ್ಕೊಳ್ಲಿ?" ಅಂತ. ನಾನು "ಯಾಕೆ ಕೂತ್ಕೊಳಲ್ಲ, ಎಲ್ರೂ ಬರ್ತಾರೆ, ಸುಮ್ನೆ ಮಲ್ಕೋ" ಅಂದುಬಿಟ್ಟೆ. ಅವಳು ಇನ್ನೊಂದು ಮಾತಾಡ್ಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ಲು. ಅವಾಗಿಂದ ಅದೇ ಕೊರೀತಿದೆ ನಂಗೆ. ಏನು ಹೇಳ್ಬೇಕಿತ್ತು ನಾನು? ಈಗಾಗ್ಲೇ ಮಕ್ಕಳನ್ನ ಇದರೊಳಗಿಂದ ದಾಟಿಸಿದವ್ರು ಇದ್ರೆ ದಯವಿಟ್ಟು ಬರೀರಿ, ಉದ್ದ ಆದ್ರೂ ಪರ್ವಾಗಿಲ್ಲ, ಓದ್ತೀನಿ.

ಎಂಟನೇ ಕ್ಲಾಸ್ ಹುಡುಗನ ಅಪ್ಪ

ಅಕ್ಕ, ನಮ್ಮ ಮನೇಲಿ ಆಗಿದ್ದನ್ನ ಹೇಳ್ತೀನಿ, ನಿಮಗೆ ಉಪಯೋಗ ಆದೀತು. ನಮ್ಮವನು ಐದನೇ ಕ್ಲಾಸ್ ತನಕ ಚೆನ್ನಾಗೇ ಓದ್ತಿದ್ದ. ಆರನೇ ಕ್ಲಾಸಿಗೆ ಹೋಗಿ ಮೂರು ತಿಂಗಳಿಗೆ ಮೊದಲ ರಿಪೋರ್ಟ್ ಬಂತು, ಎರಡು ಸಬ್ಜೆಕ್ಟಲ್ಲಿ "ಹೋಮ್‌ವರ್ಕ್ ಕೊಟ್ಟಿಲ್ಲ" ಅಂತ ಸಾಲಾಗಿ ಬರೆದಿತ್ತು. ನಾನು ಕೂಗಾಡಿದೆ. ದಿನಾ ಸಂಜೆ ಟೇಬಲ್ ಮುಂದೆ ಕೂತು ಬರೀತಿದ್ದಿದ್ದನ್ನ ನಾನೇ ನೋಡಿದೀನಿ, ಹಂಗಾದ್ರೆ ಅಲ್ಲಿ ಕೂತು ಏನು ಮಾಡ್ತಿದ್ದೆ, ನಂಗೆ ಸುಳ್ಳು ಹೇಳ್ತಿದ್ಯಾ ಅಂತೆಲ್ಲಾ ಅಂದೆ. ಅವನು ಅಳ್ಲೂ ಇಲ್ಲ, ಮಾತೂ ಆಡ್ಲಿಲ್ಲ.

ಆಮೇಲೆ ಅವರಮ್ಮ ಬ್ಯಾಗ್ ತಗೊಂಡು ನೆಲದ ಮೇಲೆ ಬೋರಲು ಸುರಿದ್ಲು. ಅಡಿಯಿಂದ ಬಂತು ನೋಡಿ, ಮುದುರಿ ಮುದುರಿ ಉಂಡೆ ಆಗಿದ್ದ ಹಾಳೆಗಳು, ಒಂದೊಂದಾಗಿ ಬಿಡಿಸಿದ್ರೆ ಅಷ್ಟೂ ಮಾಡಿರೋ ಹೋಮ್‌ವರ್ಕೇ! ತಪ್ಪಿಲ್ದೆ ಮಾಡಿದಾನೆ, ತಾರೀಖು ಹಾಕಿದಾನೆ, ಕೊಟ್ಟಿಲ್ಲ ಅಷ್ಟೆ. ಹಳೇ ಸ್ಕೂಲಲ್ಲಿ ಮಿಸ್ ಬೆಂಚ್ ಬೆಂಚಿಗೆ ಬಂದು ತಗೊಳ್ತಿದ್ರು. ಇಲ್ಲಿ ಕ್ಲಾಸಿಗೆ ಬಂದ ತಕ್ಷಣ ಬಾಗಿಲ ಪಕ್ಕದ ಟ್ರೇನಲ್ಲಿ ತಾವೇ ಇಡ್ಬೇಕು, ಯಾರೂ ಕೇಳಲ್ಲ. ಇವನಿಗೆ ಅದು ಗೊತ್ತಾಗೋ ಹೊತ್ತಿಗೆ ಎರಡು ವಾರ ಕಳೆದಿತ್ತು, ಆಮೇಲೆ ಹಳೇದನ್ನ ಕೊಡೋಕೆ ನಾಚಿಕೆ, ಕೊಡದೆ ಇದ್ದಿದ್ದು ಇನ್ನಷ್ಟು ಸೇರ್ಕೊಂತು. ಹನ್ನೊಂದು ವರ್ಷದ ಹುಡುಗ ಅದನ್ನ ಬೆನ್ನ ಮೇಲೆ ಹೊತ್ಕೊಂಡು ಮೂರು ತಿಂಗಳು ಓಡಾಡಿದಾನೆ ಅಂತ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಚುರ್ ಅನ್ನುತ್ತೆ. ನಾನು ಅವತ್ತು ಕೂಗಾಡಿದ್ದಕ್ಕೆ ಅವನ ಹತ್ರ ಕ್ಷಮೆ ಕೇಳ್ದೆ.

ಅವತ್ತಿಂದ ನಮ್ಮನೇಲಿ ಒಂದು ರೂಢಿ. ಭಾನುವಾರ ಸಂಜೆ ಬ್ಯಾಗನ್ನ ಪೂರ್ತಿ ನೆಲಕ್ಕೆ ಸುರಿಯೋದು, ಅವನೇ ವಿಂಗಡಿಸೋದು, ನಾನು ಪಕ್ಕದಲ್ಲಿ ಕೂತಿರ್ತೀನಿ ಅಷ್ಟೆ, ಕೈ ಹಾಕಲ್ಲ. "ಕೊಡ್ಬೇಕಾದ್ದು" ಅಂತ ಕೆಂಪು ಫೋಲ್ಡರ್ ಒಂದು, ಮಾಡಿದ ಹಾಳೆ ನೇರ ಅದರೊಳಗೆ ಹೋಗ್ಬೇಕು. ಇಷ್ಟೇ ಮಾಡಿದ್ದು ನಾವು, ಟ್ಯೂಷನ್ ಗೀಷನ್ ಏನಿಲ್ಲ, ಮುಂದಿನ ರಿಪೋರ್ಟ್ ಸರಿಹೋಯ್ತು.

ಆರನೇ ಕ್ಲಾಸ್ ಗಣಿತ ಟೀಚರ್

ಮೇಲಿನ ಸರ್ ಹೇಳಿದ್ದನ್ನ ಓದಿ ಇದನ್ನ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಪ್ರತಿ ವರ್ಷ ನನ್ನ ಕ್ಲಾಸಲ್ಲಿ ಇಂಥ ನಾಲ್ಕೈದು ಮಕ್ಕಳು ಇರ್ತಾರೆ. ಆರನೇ ಕ್ಲಾಸಲ್ಲಿ ಮಾರ್ಕ್ಸ್ ಬಿದ್ರೆ ಮನೆಯವ್ರು ಮೊದಲು ಅಂದ್ಕೊಳ್ಳೋದು ಪಾಠ ಕಷ್ಟ ಆಯ್ತು ಅಂತ. ಪಾಠ ಸ್ವಲ್ಪ ಕಷ್ಟ ಆಗೋದು ನಿಜ, ಗಣಿತದಲ್ಲಿ ಸೊನ್ನೆಗಿಂತ ಚಿಕ್ಕ ಸಂಖ್ಯೆ ಬರುತ್ತೆ, ಲೆಕ್ಕದ ಮಧ್ಯೆ ಅಕ್ಷರ ಬಂದು ಕೂತ್ಕೊಳುತ್ತೆ, ಎಕ್ಸ್ ಅಂದ್ರೇನು ಟೀಚರ್ ಅದು ಎಷ್ಟು ಅಂತ ನೇರವಾಗಿ ಹೇಳ್ಬಿಡಿ ಅಂತ ಮಕ್ಕಳು ಕೇಳ್ತಾರೆ. ಆದ್ರೆ ಮೊದಲ ಎರಡು ಮೂರು ತಿಂಗಳು ಮಕ್ಕಳು ಎಡವೋದು ಅಲ್ಲಲ್ಲ. ಮೊದಲು ಒಬ್ಬ ಟೀಚರ್ ತಲೇಲಿದ್ದ ಲೆಕ್ಕ ಎಲ್ಲಾ, ಅಂದ್ರೆ ಯಾವ ಹೋಮ್‌ವರ್ಕ್ ಯಾವತ್ತು ಕೊಡ್ಬೇಕು, ಯಾವ ಪುಸ್ತಕ ಯಾವತ್ತು ತರ್ಬೇಕು, ನಿನ್ನೆ ಆಬ್ಸೆಂಟ್ ಆದವ್ರು ಏನು ಬರ್ಕೋಬೇಕು, ಇದೆಲ್ಲಾ ಒಂದೇ ದಿನದಲ್ಲಿ ಮಗುವಿನ ತಲೆಗೆ ವರ್ಗ ಆಗುತ್ತೆ. ಅದನ್ನ ನೆನಪಿಟ್ಟು ಯೋಜನೆ ಮಾಡೋ ಮೆದುಳಿನ ಮುಂಭಾಗ ಪೂರ್ತಿ ಬೆಳೆಯೋದು ಇಪ್ಪತ್ತು ವರ್ಷ ದಾಟಿ ಇನ್ನೂ ಕೆಲವು ವರ್ಷಕ್ಕೆ. ಅವ್ರು ಸೋಮಾರಿಗಳಲ್ಲ, ನಿಜವಾಗ್ಲೂ ಮರೆತುಹೋಗುತ್ತೆ.

ಇನ್ನೊಂದು ನಿಮಗೆ ಗೊತ್ತಿರ್ಬೇಕು, ನನ್ನ ಹತ್ರ ನಾಲ್ಕು ಸೆಕ್ಷನ್, ನೂರ ಮೂವತ್ತಕ್ಕಿಂತ ಜಾಸ್ತಿ ಮಕ್ಕಳು. ನಿಮ್ಮ ಮಗಳು ಸಪ್ಪಗಿದ್ರೆ ಐದನೇ ಕ್ಲಾಸ್ ಮಿಸ್ಸಿಗೆ ಕಂಡ ಹಾಗೆ ನನಗೆ ಕಾಣಲ್ಲ, ದಿನಕ್ಕೆ ಒಂದು ಪೀರಿಯಡ್ ನೋಡ್ತೀನಿ ಅಷ್ಟೆ. ಪ್ರೀತಿ ಇಲ್ಲ ಅಂತಲ್ಲ. ಹಾಗಾಗಿ ಮಗುವಿಗೆ ಬಾಯಿಬಿಟ್ಟು ಕೇಳೋದು ಬರ್ಬೇಕು. ಇದನ್ನ ರಜದಲ್ಲೇ ಅಭ್ಯಾಸ ಮಾಡಿಸ್ಬಹುದು. "ಟೀಚರ್, ಮೂರನೇ ಲೆಕ್ಕದಲ್ಲಿ ಎರಡನೇ ಸ್ಟೆಪ್ ಹೇಗೆ ಬಂತು ಅಂತ ಗೊತ್ತಾಗ್ಲಿಲ್ಲ" ಅಂತ ಒಂದು ಪೂರ್ತಿ ವಾಕ್ಯ, ಮನೇಲಿ ನೀವು ಟೀಚರ್ ಆಗಿ ನಿಂತ್ಕೊಂಡು ಹತ್ತು ಸಲ ಹೇಳಿಸಿ. "ಅರ್ಥ ಆಗ್ಲಿಲ್ಲ" ಅಂತ ಮಾತ್ರ ಅಂದ್ರೆ ನಾನು ಮೊದಲಿಂದ ಅದೇ ಪಾಠ ಮತ್ತೆ ಹೇಳ್ತೀನಿ, ಮತ್ತೆ ಅಲ್ಲೇ ಸಿಕ್ಕಿಹಾಕ್ಕೊಳ್ತಾರೆ. ಲೈಬ್ರರೀಲಿ, ಡಾಕ್ಟ್ರ ಹತ್ರ, ಎಲ್ಲೇ ಹೋದ್ರೂ ಅವಳ ವಿಷಯ ಅವಳೇ ಮಾತಾಡ್ಲಿ, ನೀವು ಹಿಂದೆ ನಿಲ್ಲಿ.

ಟೈಮ್‌ಟೇಬಲ್ ಸಿಕ್ಕಿದ ದಿನವೇ ಅವಳ ಕೈಯಲ್ಲೇ ಎರಡು ಕಾಪಿ ಬರೆಸಿ, ಒಂದು ಬ್ಯಾಗಿನ ಒಳಗೆ, ಇನ್ನೊಂದು ಅವಳು ಬ್ಯಾಗ್ ಇಡೋ ಜಾಗದ ಮೇಲಿನ ಗೋಡೆಗೆ. ಸಬ್ಜೆಕ್ಟಿಗೊಂದು ಬಣ್ಣದ ಬೈಂಡ್, ಪುಸ್ತಕಕ್ಕೂ ನೋಟ್ಸಿಗೂ ಅದೇ ಬಣ್ಣ, ವಿಜ್ಞಾನ ಹಸಿರು ಅಂದ್ರೆ ಎರಡೂ ಹಸಿರು. ರಾತ್ರಿ ಮಲಗೋಕೆ ಮುಂಚೆ ಬ್ಯಾಗ್ ಜೋಡಿಸೋದು, ಬೆಳಿಗ್ಗೆ ಅಲ್ಲ. ಎಲ್ಲಾ ಪುಸ್ತಕ ದಿನಾ ಹೊರೋ ಮಕ್ಕಳಿದಾರೆ, ಮರೆತುಹೋಗುತ್ತೆ ಅನ್ನೋ ಭಯಕ್ಕೆ. ಬ್ಯಾಗು ಮಗುವಿನ ತೂಕದ ಹತ್ತನೇ ಒಂದು ಭಾಗದಷ್ಟಿದ್ರೆ ಒಳ್ಳೇದು, 35 ಕೆಜಿ ಇರೋ ಮಗುವಿಗೆ ಮೂರೂವರೆ ಕೆಜಿ. ಮನೇಲಿ ತೂಕದ ಮೆಷಿನ್ ಇದ್ರೆ ಒಂದು ಸಲ ಬ್ಯಾಗ್ ಇಟ್ಟು ನೋಡಿ.

ಪುಟ್ಟಿ ಅಮ್ಮ

ಟೀಚರ್, ತುಂಬಾ ಥ್ಯಾಂಕ್ಸ್. ಒಂದು ಕೇಳ್ಲಾ? ನಾನು ಹಿಂದೆ ನಿಂತ್ರೆ ಅವಳು ಮರೆತು, ಬೈಸ್ಕೊಂಡು, ಮಾರ್ಕ್ಸ್ ಹೋದ್ರೆ? ಈಗ ದಿನಾ ಬ್ಯಾಗ್ ಜೋಡಿಸ್ತಿರೋದು ನಾನೇ, ನಿಜ ಹೇಳ್ಬೇಕಂದ್ರೆ.

ಆರನೇ ಕ್ಲಾಸ್ ಗಣಿತ ಟೀಚರ್

ಒಂದೇ ದಿನ ಬಿಟ್ಟುಬಿಡಿ ಅಂತಿಲ್ಲ ಮೇಡಂ. ಮೊದಲ ವಾರ ಇಬ್ರೂ ಸೇರಿ ಜೋಡಿಸಿ, ಅವಳು ಟೈಮ್‌ಟೇಬಲ್ ಓದ್ಲಿ ನೀವು ಪುಸ್ತಕ ತೆಗೆದುಕೊಡಿ. ಎರಡನೇ ವಾರ ಅದಲು ಬದಲು. ಮೂರನೇ ವಾರ ಅವಳೇ ಜೋಡಿಸ್ಲಿ, ನೀವು ಬರೀ "ಆಯ್ತಾ?" ಅಂತ ಕೇಳಿ. ಆಮೇಲೆ ಒಂದು ದಿನ ಪುಸ್ತಕ ಮರೆತು ಹೋಗ್ತಾಳೆ, ಹೋಗ್ಲಿ ಬಿಡಿ, ಸ್ಕೂಲಿಗೆ ತಂದುಕೊಡೋಕೆ ಓಡಿಬರ್ಬೇಡಿ. ಆರನೇ ಕ್ಲಾಸಲ್ಲಿ ಒಂದು ಪುಸ್ತಕ ಮರೆತ್ರೆ ಪಕ್ಕದವಳ ಪುಸ್ತಕ ನೋಡ್ಕೊಂಡು ಆ ದಿನ ಕಳೆಯುತ್ತೆ. ಅದೇ ಮರೆವು ಹತ್ತನೇ ಕ್ಲಾಸ್ ಪರೀಕ್ಷೆ ದಿನ ಮೊದಲ ಸಲ ಆದ್ರೆ ಕಷ್ಟ.

ಸ್ಕೂಲ್ ಕೌನ್ಸೆಲರ್

ಆ ರಾತ್ರಿಯ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಇಲ್ಲಿ ಎಲ್ಲಕ್ಕಿಂತ ಮುಖ್ಯ ಅದೇ ಅಂತ ನನಗನ್ನಿಸುತ್ತೆ. "ಯಾರೂ ಪಕ್ಕ ಕೂತ್ಕೊಳ್ಳಿಲ್ಲ ಅಂದ್ರೆ" ಅಂತ ಮಗು ಕೇಳಿದಾಗ "ಹಂಗೇನೂ ಆಗಲ್ಲ" ಅಂದ್ರೆ ಮಗುವಿಗೆ ಧೈರ್ಯ ಬರಲ್ಲ, ಆ ವಿಷಯ ಅಮ್ಮನ ಹತ್ರ ಮಾತಾಡೋ ಹಾಗಿಲ್ಲ ಅಂತ ಅನ್ನಿಸುತ್ತೆ. ಯಾಕಂದ್ರೆ ಅದು ಆಗ್ಬಹುದು, ಒಂದೆರಡು ದಿನ ಒಬ್ಳೇ ಕೂರ್ಬೇಕಾಗ್ಬಹುದು, ಅದು ಅವಳಿಗೂ ಗೊತ್ತು. ಮೇಡಂ, ನೀವು ತಪ್ಪು ಮಾಡಿದ್ರಿ ಅಂತ ಹೇಳ್ತಿಲ್ಲ, ಅಷ್ಟೊತ್ತಲ್ಲಿ ಎಲ್ಲಾ ತಾಯಂದ್ರೂ ಅದನ್ನೇ ಹೇಳ್ತಾರೆ. ಇವತ್ತು ರಾತ್ರಿ ನೀವೇ ಆ ಮಾತು ಎತ್ತಿ. "ಮೊನ್ನೆ ನೀನು ಕೇಳಿದ್ದು ಯೋಚನೆ ಮಾಡ್ದೆ ಪುಟ್ಟಿ, ಹಂಗಾದ್ರೆ ನೀನೇನು ಮಾಡ್ತೀಯ ಅಂತ ಇಬ್ರೂ ಸೇರಿ ನೋಡೋಣ" ಅಂತ. ಮೊದಲ ದಿನ ಸ್ವಲ್ಪ ಬೇಗ ಹೋಗಿ ಮಧ್ಯದ ಸಾಲಲ್ಲಿ ಕೂತ್ರೆ ಯಾರಾದ್ರೂ ಬಂದು ಕೂರೋ ಸಾಧ್ಯತೆ ಜಾಸ್ತಿ. ಒಬ್ಳೇ ಕೂತಿರೋ ಇನ್ನೊಂದು ಹುಡುಗಿ ಖಂಡಿತ ಇರ್ತಾಳೆ, ಅವಳ ಹತ್ರ ಹೋಗಿ "ಇಲ್ಲಿ ಯಾರಾದ್ರೂ ಇದಾರಾ?" ಅಂತ ಕೇಳೋದು. ಮೂರು ಪದ, ಅದನ್ನ ಬಾಯಿಪಾಠ ಮಾಡ್ಕೊಂಡ್ರೆ ಸಾಕು.

ಈ ಭಯದ ಬಗ್ಗೆ ಒಂದು ಅಧ್ಯಯನ ಇದೆ, ನನ್ನ ಕೆಲಸದಲ್ಲಿ ನಂಗೆ ತುಂಬಾ ಉಪಯೋಗಕ್ಕೆ ಬಂದಿದೆ. ಅಮೆರಿಕದ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಜೆಫ್ರಿ ಬೋರ್ಮನ್ ಮತ್ತು ಜೊತೆಯವ್ರು 2019ರಲ್ಲಿ ಪ್ರಕಟಿಸಿದ್ದು, 11 ಮಿಡಲ್ ಸ್ಕೂಲಿನ 1,304 ಆರನೇ ಕ್ಲಾಸ್ ಮಕ್ಕಳು. ಅವ್ರು ಮಾಡಿದ್ದು ತುಂಬಾ ಸರಳ. ಹಿಂದಿನ ವರ್ಷ ಆರನೇ ಕ್ಲಾಸಲ್ಲಿದ್ದ ಮಕ್ಕಳ ಮಾತುಗಳನ್ನ ಹೊಸ ಮಕ್ಕಳಿಗೆ ಓದೋಕೆ ಕೊಟ್ರು, ನಂಗೂ ಮೊದಲು ಹೀಗೇ ಅನ್ನಿಸ್ತಿತ್ತು, ಇಲ್ಲಿ ನನ್ನವ್ರು ಯಾರೂ ಇಲ್ಲ ಅನ್ನಿಸ್ತಿತ್ತು, ಆಮೇಲೆ ಸರಿಹೋಯ್ತು, ಟೀಚರ್‌ಗಳು ಸಹಾಯ ಮಾಡಿದ್ರು, ಈ ಥರದವು. ಓದಿ ತಮ್ಮ ಅನಿಸಿಕೆ ಬರೀಬೇಕಿತ್ತು, ಇಂಥವು ಎರಡೇ ಸಣ್ಣ ಬರವಣಿಗೆ, ಅಷ್ಟೆ. ಹಾಗೆ ಓದಿ ಬರೆದ ಮಕ್ಕಳು ಉಳಿದವರಿಗಿಂತ ಕಮ್ಮಿ ರಜ ಹಾಕಿದ್ರು, ಫೇಲ್ ಆದ ಗ್ರೇಡುಗಳು ಕಮ್ಮಿ, ಶಿಸ್ತಿನ ದೂರುಗಳೂ ಕಮ್ಮಿ. "ಇದು ನನ್ನೊಬ್ಳ ಕೊರತೆ ಅಲ್ಲ, ಎಲ್ರಿಗೂ ಆಗುತ್ತೆ, ಹೋಗುತ್ತೆ" ಅಂತ ಗೊತ್ತಾದ್ರೆ ಮಗುವಿಗೆ ಅಷ್ಟು ಬಲ ಬರುತ್ತೆ. ಅದಕ್ಕೇ ಹೇಳ್ತೀನಿ, ಈಗ ಏಳನೇ ಕ್ಲಾಸಲ್ಲಿ ಇರೋ ಒಬ್ಬ ಪರಿಚಯದ ಹುಡುಗಿ ಹತ್ರ ಮಗಳನ್ನ ಅರ್ಧ ಗಂಟೆ ಮಾತಾಡೋಕೆ ಬಿಡಿ, ನೀವು ಅಲ್ಲಿ ಇರ್ಬೇಡಿ. ನಾನು ಹತ್ತು ಸಲ ಹೇಳೋದಕ್ಕಿಂತ ಅವಳು ಒಂದು ಸಲ ಹೇಳೋದು ನಾಟುತ್ತೆ.

ಈ ವಯಸ್ಸಲ್ಲಿ ಮಕ್ಕಳಿಗೆ ಎಲ್ರೂ ತನ್ನನ್ನೇ ನೋಡ್ತಿದಾರೆ ಅನ್ನಿಸೋಕೆ ಶುರುವಾಗುತ್ತೆ. ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲೇ ಇದನ್ನ "ಕಾಲ್ಪನಿಕ ಪ್ರೇಕ್ಷಕರು" ಅಂತ ಕರೆದಿದ್ರು. ಕೂದಲು ಒಂದು ಕಡೆ ಎದ್ದಿದ್ರೆ ಇಡೀ ಕ್ಲಾಸ್ ಅದನ್ನೇ ನೋಡ್ತಿದೆ ಅನ್ನೋ ನಂಬಿಕೆ. "ಯಾರೂ ನೋಡಲ್ಲ ಬಿಡೇ" ಅಂತ ಹೊರಗಿನವ್ರು ಎಷ್ಟು ಹೇಳಿದ್ರೂ ಆ ಮಗುವಿಗೆ ಆ ಕ್ಷಣಕ್ಕೆ ಅದು ನಿಜ. ನಗಬೇಡಿ, ಎರಡು ನಿಮಿಷ ಕೂದಲು ಸರಿ ಮಾಡಿಕೊಡಿ.

ಹಳೇ ಮೇಷ್ಟ್ರ ಮೊಮ್ಮಗ

ನನಗೇನೋ ಇದೆಲ್ಲಾ ಸ್ವಲ್ಪ ಅತಿ ಆಯ್ತು ಅನ್ನಿಸ್ತಿದೆ. ನಾವೂ ಐದರಿಂದ ಆರಕ್ಕೆ ಹೋದ್ವಿ, ಅಪ್ಪ ಅಮ್ಮ ಯಾರೂ ಬಂದು ಟೈಮ್‌ಟೇಬಲ್ ಅಂಟಿಸ್ಲಿಲ್ಲ, ನಾವೇ ಬಿದ್ದು ಎದ್ದು ಕಲಿತ್ವಿ. ಇಷ್ಟೊಂದು ತಯಾರಿ ಮಾಡಿದ್ರೆ ಮಗುವಿಗೆ "ಏನೋ ದೊಡ್ಡ ಗಂಡಾಂತರ ಬರ್ತಿದೆ" ಅಂತ ಅನ್ನಿಸಲ್ವಾ? ಬೇಜಾರು ಮಾಡ್ಕೋಬೇಡಿ, ಮನಸ್ಸಿಗೆ ಬಂದಿದ್ದು ಹೇಳ್ದೆ.

ಎಂಟನೇ ಕ್ಲಾಸ್ ಹುಡುಗನ ಅಪ್ಪ

ಬೇಜಾರೇನಿಲ್ಲ ಅಣ್ಣ, ನಿಮ್ಮ ಮಾತಲ್ಲಿ ಒಂದು ನಿಜ ಇದೆ, ದಿನಾ ಅದೇ ಮಾತಾಡಿ ಮಗುವಿನ ತಲೆ ತಿನ್ನೋದು ತಪ್ಪು. ನನ್ನ ಹೆಂಡ್ತಿ ಹೇಳೋದೂ ಅದೇ, ರಜದಲ್ಲಿ ವಾರಕ್ಕೆ ಒಂದು ಸಲ ಸಾಕು ಅಂತ. ಆದ್ರೆ ಬಿದ್ದು ಎದ್ದವ್ರು ಮಾತ್ರ ಇವತ್ತು ಆ ಮಾತು ಹೇಳೋಕೆ ಇದೀವಿ ಅಣ್ಣ. ನನ್ನ ಜೊತೆ ಆರನೇ ಕ್ಲಾಸಿಗೆ ಬಂದು ಏಳನೇ ಕ್ಲಾಸಿಗೆ ಬರದೇ ಹೋದ ಹುಡುಗರಿದ್ರು. ಅವ್ರು ದಡ್ಡರಾಗಿರ್ಲಿಲ್ಲ. ಯಾಕೆ ಬರ್ಲಿಲ್ಲ ಅಂತ ಅವಾಗ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಹಳೇ ಮೇಷ್ಟ್ರ ಮೊಮ್ಮಗ

ಹೌದು, ನಮ್ಮ ಬ್ಯಾಚಲ್ಲೂ ಇಬ್ರಿದ್ರು. ಆ ಕಡೆಯಿಂದ ಯೋಚನೆ ಮಾಡಿರ್ಲಿಲ್ಲ. ಒಪ್ಕೊಂಡೆ.

ಇಬ್ಬರ ಅವ್ವ

ಅಕ್ಕಾರ, ಯಾರೂ ಹೇಳಲಾರದ ಮಾತ ಒಂದು ಉಳದದ, ಅದನ್ನ ನಾ ಹೇಳ್ತೇನ್ರಿ. ಮಿಡಲ್ ಸ್ಕೂಲ್ ಅಂದ್ರ ಬರೇ ಸಾಲಿ ಬದಲಾಗೂದಲ್ಲ, ಮೈನೂ ಬದಲಾಗೂ ವ್ಯಾಳ್ಯಾ ಅದು. ಹುಡುಗ್ಯಾರಿಗೆ 8 ರಿಂದ 13 ವರ್ಷದೊಳಗ, ಹುಡುಗುರಿಗೆ 9 ರಿಂದ 14ರೊಳಗ ಯಾವಾಗ ಬೇಕಾದ್ರೂ ಸುರು ಆಗ್ತದ. ಒಂದ ಕ್ಲಾಸಿನ್ಯಾಗ ಒಬ್ಬಾಕಿ ಅವ್ವನಷ್ಟ ಎತ್ತರ, ಬಾಜೂಕಿನಾಕಿ ಇನ್ನೂ ಸಣ್ಣ ಕೂಸಿನಂಗ ಕಾಣ್ತಾಳ. ಇಬ್ಬರಿಗೂ ನಾ ಬರೋಬರಿ ಇಲ್ಲೇನೋ ಅಂತ ಅನಸ್ತದ, ಎರಡೂ ಬರೋಬರಿನ ಅದ ಅಂತ ಮೊದಲ ಹೇಳಿ ಇಡ್ರಿ.

ನಮ್ಮ ದೊಡ್ಡಾಕಿಗೆ ಮೊದಲನೇ ಸಲ ಮುಟ್ಟು ಬಂದದ್ದು ಸಾಲ್ಯಾಗ, ಕ್ಲಾಸ್ ನಡದಾಗ. ನಾ ಅಕಿಗೆ ಏನೂ ಹೇಳಿದ್ದಿಲ್ಲ, ಇನ್ನೂ ಹನ್ನೊಂದ ಅದ, ಮುಂದಿನ ವರ್ಷ ಹೇಳಿದ್ರಾತು ಅಂತ ಸುಮ್ನಿದ್ದೆ. ಕೂಸು ತನಗ ಏನೋ ದೊಡ್ಡ ಜಡ್ಡು ಬಂದದ ಅಂತ ತಿಳಕೊಂಡು ಎರಡು ತಾಸು ಬೆಂಚ್ ಬಿಟ್ಟು ಏಳಲಿಲ್ಲ, ನೀರು ಕುಡಿಲಿಕ್ಕೂ ಏಳಲಿಲ್ಲ. ಸ್ವೆಟರ್ ನಡಕ್ಕ ಕಟಗೊಂಡು ಮನಿಗೆ ಬಂದ್ಲು. ಅಕಿ ಮಾರಿ ನೋಡಿ ನನಗ ಆದ ಸಂಕಟ ಯಾವ ತಾಯಿಗೂ ಬ್ಯಾಡ.

ಅದಕ್ಕ ಸಣ್ಣಾಕಿಗೆ ಹತ್ತು ತುಂಬಿದ ಮ್ಯಾಲೆ ಕೂಡಿಸಿಕೊಂಡು ಎಲ್ಲಾ ಹೇಳಿದೆ. ಒಂದು ಸಣ್ಣ ಜಿಪ್ ಚೀಲದಾಗ ಎರಡು ಪ್ಯಾಡು, ಒಂದು ಒಳಚಡ್ಡಿ, ಒಂದು ಕಾಗದದ ಕವರ್, ಇಷ್ಟು ಹಾಕಿ ಬ್ಯಾಗಿನ ಒಳಗಿನ ಕಿಸೇದಾಗ ಇಟ್ಟೇನಿ, ಹೊರಗಿಂದ ನೋಡಿದ್ರ ಪೆನ್ಸಿಲ್ ಚೀಲ ಕಂಡಂಗ ಕಾಣ್ತದ. ಯಾವ ಟೀಚರ್ ಕಡೆ ಹೋಗಿ ಹೇಳಬೇಕು, ಏನಂತ ಹೇಳಬೇಕು, ಅದನ್ನೂ ಕಲಿಸೇನಿ. ಹುಡುಗುರು ಇದ್ದವರು ತಮ್ಮ ಹುಡುಗುರಿಗೂ ಇದನ್ನ ಹೇಳ್ರಿ, ಕ್ಲಾಸಿನ್ಯಾಗ ಯಾರಿಗಾದ್ರೂ ಹಿಂಗ ಆದ್ರ ನಗಬಾರದು ಅಂತ. ಮತ್ತ ಅವರಿಗೂ ಧ್ವನಿ ಒಡೀತದ, ಬೆವರಿನ ವಾಸನಿ ಬರ್ತದ, ಅದನ್ನ ಅಪ್ಪ ಆದವ್ರು ಕೂತು ಹೇಳಬೇಕ್ರಿ, ಯಾರೋ ಕ್ಲಾಸಿನ್ಯಾಗ ಆಡಿಕೊಳ್ಳೂಕಿಂತ ಮೊದಲ.

ಪುಟ್ಟಿ ಅಮ್ಮ

ಅಕ್ಕ, ನಾನೂ "ಮುಂದಿನ ವರ್ಷ ಹೇಳೋಣ" ಅಂತಾನೇ ಇದ್ದೆ. ಇವತ್ತೇ ಕೂತು ಹೇಳ್ತೀನಿ. ನಿಮಗೆ ದೊಡ್ಡ ನಮಸ್ಕಾರ.

ನಿಧಾನ ಓದುವ ಹುಡುಗನ ತಾಯಿ

ಮಗನಿಗೆ ಡಿಸ್ಲೆಕ್ಸಿಯಾ ಇದೆ, ಅಂದ್ರೆ ಬುದ್ಧಿ ಚುರುಕಾಗಿದ್ರೂ ಓದೋದು ಬರೆಯೋದು ಕಷ್ಟ ಆಗೋ ತೊಂದ್ರೆ. ನಮ್ಮಂಥವ್ರು ಯಾರಾದ್ರೂ ಓದ್ತಿದ್ರೆ ಒಂದು ಎಚ್ಚರಿಕೆ, ಹಳೇ ಸ್ಕೂಲವ್ರು ಹೊಸ ಸ್ಕೂಲಿಗೆ ಎಲ್ಲಾ ಹೇಳಿರ್ತಾರೆ ಅಂತ ನಂಬ್ಕೊಂಡು ಕೂರ್ಬೇಡಿ. ಫೈಲ್ ಆಫೀಸಿಗೆ ಹೋಗಿರುತ್ತೆ, ಏಳು ಜನ ಟೀಚರ್‌ಗೂ ಅದು ಮುಟ್ಟಿರಲ್ಲ. ನಮ್ಮವನನ್ನ ಸಮಾಜ ಕ್ಲಾಸಲ್ಲಿ ಎರಡನೇ ದಿನವೇ ಎದ್ದು ನಿಲ್ಲಿಸಿ ಜೋರಾಗಿ ಓದಿಸಿದ್ರು, ಆ ಟೀಚರ್‌ಗೆ ಗೊತ್ತೇ ಇರ್ಲಿಲ್ಲ ಪಾಪ. ಆಮೇಲೆ ನಾನು ಒಂದೇ ಪುಟದಲ್ಲಿ ಬರೆದೆ, ಇವನಿಗೆ ಏನು ಚೆನ್ನಾಗಿ ಬರುತ್ತೆ ಅನ್ನೋದು ಮೊದಲು, ಏನು ಕಷ್ಟ ಅನ್ನೋದು ಆಮೇಲೆ, ಏನು ಮಾಡಿದ್ರೆ ಸುಲಭ ಆಗುತ್ತೆ ಅನ್ನೋದು ಕೊನೇಗೆ. ಬೋರ್ಡಿಂದ ಬರ್ಕೊಳ್ಳೋಕೆ ಸ್ವಲ್ಪ ಜಾಸ್ತಿ ಟೈಮು, ಮುಂಚೆ ಹೇಳ್ದೆ ಜೋರಾಗಿ ಓದಿಸ್ಬೇಡಿ, ಉತ್ತರ ಬಾಯಲ್ಲಿ ಕೇಳಿದ್ರೆ ಚೆನ್ನಾಗಿ ಹೇಳ್ತಾನೆ. ಏಳು ಕಾಪಿ ಮಾಡಿಸಿ ಒಬ್ಬೊಬ್ಬರ ಕೈಗೇ ಕೊಟ್ಟೆ. ಆ ಪುಟ ಬರೆಯುವಾಗ ಮಗನನ್ನೂ ಪಕ್ಕ ಕೂರಿಸ್ಕೊಂಡಿದ್ದೆ, "ಏನು ಚೆನ್ನಾಗಿ ಬರುತ್ತೆ" ಅನ್ನೋ ಭಾಗಕ್ಕೆ ಅವನೇ ಮೂರು ಸಾಲು ಹೇಳಿದ.

ಮಕ್ಕಳ ವಾರ್ಡ್ ನರ್ಸ್

ನಿದ್ದೆ ಬಗ್ಗೆ ಯಾರೂ ಬರ್ದಿಲ್ಲ. 6 ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9 ರಿಂದ 12 ಗಂಟೆ ನಿದ್ದೆ ಬೇಕು, 13 ದಾಟಿದ್ಮೇಲೆ 8 ರಿಂದ 10. ಮೈ ಬೆಳೆಯೋಕೆ ಶುರುವಾದಾಗ ನಿದ್ದೆ ಬರೋ ಹೊತ್ತು ತಾನಾಗೇ ತಡ ಆಗುತ್ತೆ, ನಿದ್ದೆ ತರಿಸೋ ಮೆಲಟೋನಿನ್ ರಾತ್ರಿ ತಡವಾಗಿ ಹೆಚ್ಚಾಗುತ್ತೆ, ಮಗು ಹಠ ಮಾಡ್ತಿರೋದಲ್ಲ. ಆದ್ರೆ ಸ್ಕೂಲ್ ಬೆಲ್ ತಡ ಆಗಲ್ವಲ್ಲ. ಇದೇ ಕಾರಣಕ್ಕೆ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಮಿಡಲ್ ಸ್ಕೂಲು ಹೈಸ್ಕೂಲು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರು ಮಾಡ್ಬೇಡಿ ಅಂತ ಹೇಳ್ತು. ನಮ್ಮ ಕೈಲಿ ಬೆಲ್ ಬದಲಾಯಿಸೋಕಾಗಲ್ಲ, ಮಲಗೋ ಹೊತ್ತನ್ನ ಬದಲಾಯಿಸ್ಬಹುದು. ರಜ ಮುಗಿಯೋಕೆ ಎರಡು ವಾರ ಇರುವಾಗ್ಲೇ ಎರಡು ಮೂರು ದಿನಕ್ಕೊಂದು ಸಲ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಹಿಂದಿನ ರಾತ್ರಿ ಒಂದೇ ಸಲ "ನಾಳೆ ಸ್ಕೂಲು, ಬೇಗ ಮಲ್ಕೋ" ಅಂದ್ರೆ ಮಗು ಚಾವಣಿ ನೋಡ್ತಾ ಮಲಗಿರುತ್ತೆ ಅಷ್ಟೆ.

ಫೋನ್ ವಿಷಯ. ಆರನೇ ಕ್ಲಾಸಿಗೆ ಬಂದ ತಕ್ಷಣ "ಕ್ಲಾಸ್ ಗ್ರೂಪ್ ಇದೆ, ಎಲ್ರೂ ಇದಾರೆ, ನಾನೊಬ್ಳೇ ಇಲ್ಲ" ಅಂತ ಶುರುವಾಗುತ್ತೆ. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡರದ್ದೂ ನಿಯಮ ಕನಿಷ್ಠ 13 ವರ್ಷ ಅಂತಿದೆ, ಅದನ್ನ ಹೇಳಿ. ಹೋಮ್‌ವರ್ಕ್ ಕೇಳೋಕೆ ಬೇಕೇ ಬೇಕು ಅಂದ್ರೆ ಅಪ್ಪ ಅಮ್ಮನ ಫೋನಲ್ಲಿ, ಹಾಲಲ್ಲಿ ಕೂತು. ರಾತ್ರಿ ಯಾವ ಫೋನೂ ಮಕ್ಕಳ ರೂಮಲ್ಲಿ ಚಾರ್ಜಿಗೆ ಇರ್ಬಾರ್ದು, ಈ ಒಂದು ವಿಷಯದಲ್ಲಿ ನಾನು ಮನೇಲಿ ಸ್ವಲ್ಪವೂ ಸಡಿಲ ಬಿಡಲ್ಲ, ನನ್ನ ಫೋನೂ ಹಾಲಲ್ಲೇ ಇರುತ್ತೆ.

ಅಮ್ಮನ ಅಕೌಂಟಿಂದ

ನಾನು ಎಂಟನೇ ಕ್ಲಾಸ್ ಹುಡುಗಿ, ಅಮ್ಮನ ಫೋನಿಂದ ಬರೀತಿದೀನಿ, ಅಮ್ಮ ಇಲ್ಲೇ ಇದಾಳೆ. ಆಂಟಿ ನಿಮ್ಮ ಮಗಳಿಗೆ ಇದನ್ನ ತೋರ್ಸಿ. ಮೊದಲ ವಾರ ಎಲ್ರೂ ದಾರಿ ತಪ್ತಾರೆ, ನಾನು ಎರಡು ಸಲ ಬೇರೆ ಕ್ಲಾಸಿಗೆ ಹೋಗಿ ಕೂತಿದ್ದೆ, ಯಾರಿಗೂ ಈಗ ನೆನಪಿಲ್ಲ. ಸ್ಕೂಲ್ ಶುರುವಾಗೋಕೆ ಮುಂಚೆ ಒಂದು ದಿನ ಹೋಗಿ ಟಾಯ್ಲೆಟ್ ಎಲ್ಲಿ ನೀರು ಎಲ್ಲಿ ಆಫೀಸ್ ಎಲ್ಲಿ ಅಂತ ನೋಡ್ಕೊಂಡು ಬನ್ನಿ, ಅದು ತುಂಬಾ ಹೆಲ್ಪ್ ಆಗುತ್ತೆ ಯಾಕಂದ್ರೆ ಮೊದಲ ದಿನ ಟಾಯ್ಲೆಟ್ ಎಲ್ಲಿ ಅಂತ ದೊಡ್ಡ ಹುಡುಗರ ಹತ್ರ ಕೇಳೋಕೆ ನಾಚಿಕೆ ಆಗಿ ನಾನು ಸಂಜೆ ತನಕ ಹೋಗ್ಲೇ ಇಲ್ಲ.

ಫ್ರೆಂಡ್ಸ್ ಬಗ್ಗೆ, ನನ್ನ ಒಂದನೇ ಕ್ಲಾಸಿಂದ ಇದ್ದ ಬೆಸ್ಟ್ ಫ್ರೆಂಡ್ ಆರನೇ ಕ್ಲಾಸಲ್ಲಿ ಬೇರೆಯವ್ರ ಜೊತೆ ಹೋದ್ಲು. ತುಂಬಾ ಅತ್ತಿದ್ದೆ. ಅಮ್ಮ ಅವಳಮ್ಮನಿಗೆ ಫೋನ್ ಮಾಡ್ತೀನಿ ಅಂದಾಗ ನಾನು ಬೇಡ ಅಂದೆ, ಅಮ್ಮ ಮಾಡ್ಲಿಲ್ಲ, ಅದು ನಂಗೆ ಇಷ್ಟ ಆಯ್ತು. ಈಗ ನಂಗೆ ಬೇರೆ ಫ್ರೆಂಡ್ಸ್ ಇದಾರೆ, ಅವಳ ಜೊತೆನೂ ಮಾತಾಡ್ತೀನಿ. ಆದ್ರೆ ಯಾರಾದ್ರೂ ದಿನಾ ಬೇಕಂತಲೇ ತೊಂದ್ರೆ ಕೊಟ್ರೆ ಹೊಡೆದ್ರೆ ಹೆಸರಿಟ್ಟು ಕರೆದ್ರೆ ಅದು ಬೇರೆ, ಅದನ್ನ ಹೇಳ್ಬೇಕು, ನನ್ನ ತಮ್ಮನಿಗೆ ಹಂಗಾದಾಗ ಅಮ್ಮ ಸ್ಕೂಲಿಗೆ ಬಂದಿದ್ಲು, ಬಂದಿದ್ದು ಸರಿ.

ಮತ್ತೆ ಬಾಗಿಲಲ್ಲೇ "ಇವತ್ತು ಹೇಗಿತ್ತು" ಅಂತ ಕೇಳ್ಬೇಡಿ ಆಂಟಿ. ಸುಸ್ತಾಗಿರುತ್ತೆ. ಆಮೇಲೆ ನಾವೇ ಹೇಳ್ತೀವಿ.

ಸ್ಕೂಲ್ ಕೌನ್ಸೆಲರ್

ಪುಟ್ಟಾ, ಎಷ್ಟು ಚೆನ್ನಾಗಿ ಬರೆದಿದೀಯ. ಈ ಥರದ್ದನ್ನೇ ಆರನೇ ಕ್ಲಾಸ್ ಮಕ್ಕಳಿಗೆ ಓದೋಕೆ ಕೊಡಿ ಅಂತ ನಾನು ಹೇಳಿದ್ದು.

ಕೊನೇ ಮಾತಿಗೆ ಸ್ವಲ್ಪ ಸೇರಿಸ್ತೀನಿ. ಎದುರು ಬದುರು ಕೂರಿಸಿ ಕೇಳಿದ್ರೆ ಈ ವಯಸ್ಸಿನ ಮಕ್ಕಳು "ಏನಿಲ್ಲ" ಅಂತಾರೆ. ಒಣಗಿದ ಬಟ್ಟೆ ಮಡಿಸುವಾಗ, ನಡ್ಕೊಂಡು ಹೋಗುವಾಗ, ಪಕ್ಕ ಪಕ್ಕ ಇದ್ದು ಕಣ್ಣಲ್ಲಿ ಕಣ್ಣಿಟ್ಟು ನೋಡ್ದೆ ಇದ್ದಾಗ ಮಾತು ಬರುತ್ತೆ. ಬಂದಾಗ ತಕ್ಷಣ ಪರಿಹಾರ ಹೇಳೋಕೆ ಹೋಗ್ಬೇಡಿ, "ಆಮೇಲೆ?" ಅಂತ ಮಾತ್ರ ಅನ್ನಿ. ಹಾಗೇ ಒಂದು ವಿಷಯ ಗಮನದಲ್ಲಿರ್ಲಿ, ಮೊದಲ ಕೆಲವು ವಾರ ಸುಸ್ತು, ಸಿಡುಕು, ಒಂದೆರಡು ಸಲ ಅಳು, ಇದು ಸಹಜ. ಒಂದು ತಿಂಗಳು ದಾಟಿದ್ರೂ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು, ಸ್ಕೂಲಿಗೆ ಹೋಗಲ್ಲ ಅನ್ನೋದು, ಇಷ್ಟದ ಆಟ ಕೂಡ ಬೇಡ ಅನ್ನೋದು, ನಿದ್ದೆ ಊಟ ಎರಡೂ ಕೆಡೋದು ಇದ್ರೆ ಕಾಯ್ಬೇಡಿ, ಕ್ಲಾಸ್ ಟೀಚರ್ ಹತ್ರ, ಡಾಕ್ಟ್ರ ಹತ್ರ ಮಾತಾಡಿ.

ಪುಟ್ಟಿ ಅಮ್ಮ

ಸ್ಕೂಲ್ ಶುರುವಾಗಿ ಮೂರು ವಾರ ಆಯ್ತು, ಬಂದು ಹೇಳ್ಬೇಕು ಅನ್ನಿಸ್ತು.

ನೀವೆಲ್ಲಾ ಬರೆದ ರಾತ್ರಿನೇ ಅವಳ ಪಕ್ಕ ಮಲಗಿ ಆ ಪ್ರಶ್ನೆ ನಾನೇ ಎತ್ತಿದೆ. "ನೀನು ಮರೆತಿಲ್ವಾ?" ಅಂತ ಆಶ್ಚರ್ಯ ಪಟ್ಟಳು. ಆಮೇಲೆ ಒಂದು ಗಂಟೆ ಮಾತಾಡಿದ್ಲು, ಒಬ್ಳೇ ಕೂರೋದಕ್ಕಿಂತ ಒಬ್ಳೇ ಕೂತಿರೋದನ್ನ ಎಲ್ರೂ ನೋಡ್ತಾರಲ್ಲ ಅದೇ ಭಯ ಅಂತ. ಎಂಟನೇ ಕ್ಲಾಸ್ ಹುಡುಗಿ ಬರೆದಿದ್ದನ್ನ ಎರಡು ಸಲ ಓದಿಸ್ಕೊಂಡ್ಲು. ಮುಟ್ಟಿನ ಬಗ್ಗೆ ಹೇಳ್ದೆ, ಚೀಲ ನಾವಿಬ್ರೂ ಸೇರಿ ರೆಡಿ ಮಾಡಿದ್ವಿ, ಅವಳೇ ನೀಲಿದು ಆರಿಸ್ಕೊಂಡ್ಲು. ಸ್ಕೂಲಿಗೆ ಮುಂಚೆ ಒಂದಿನ ಹೋಗಿ ಟಾಯ್ಲೆಟ್, ನೀರಿನ ನಲ್ಲಿ, ಲ್ಯಾಬು ಎಲ್ಲಾ ನೋಡ್ಕೊಂಡು ಬಂದ್ವಿ.

ಮೊದಲ ಎರಡು ದಿನ ನಿಜವಾಗ್ಲೂ ಒಬ್ಳೇ ಕೂತಿದ್ಲಂತೆ. ಹೇಳುವಾಗ ಗಂಟಲು ಕಟ್ಟಿತ್ತು ಅವಳಿಗೆ, ನಂಗೂ. ನಾನು "ಆಮೇಲೆ?" ಅಂದೆ ಅಷ್ಟೆ. ಮೂರನೇ ದಿನ ಹಿಂದಿನ ಬೆಂಚಲ್ಲಿ ಒಬ್ಳೇ ಇದ್ದ ಹುಡುಗಿ ಹತ್ರ ಇವಳೇ ಹೋಗಿ ಕೇಳಿದ್ಲಂತೆ, ಇಲ್ಲಿ ಯಾರಾದ್ರೂ ಇದಾರಾ ಅಂತ. ಆ ಹುಡುಗಿ ಏನೂ ಮಾತಾಡ್ದೆ ತನ್ನ ಬ್ಯಾಗನ್ನ ಎತ್ತಿ ಆ ಕಡೆ ಇಟ್ಕೊಂಡ್ಲಂತೆ, ಜಾಗ ಬಿಟ್ಟು.

ನಿನ್ನೆ ಹಿಂದಿ ನೋಟ್ಸ್ ಮನೇಲೇ ಮರೆತು ಹೋಗಿದ್ಲು. ಹನ್ನೊಂದು ಗಂಟೆಗೆ ಟೇಬಲ್ ಮೇಲೆ ನೋಡ್ದೆ, ಕೈಗೆ ತಗೊಂಡೆ, ಚಪ್ಪಲಿನೂ ಹಾಕ್ಕೊಂಡಿದ್ದೆ. ಟೀಚರ್ ಮಾತು ನೆನಪಾಗಿ ವಾಪಸ್ ಅಲ್ಲೇ ಇಟ್ಟೆ. ಸಂಜೆ ಬಂದು ಅದನ್ನ ನೋಡಿದ್ಲು, ಏನೂ ಹೇಳ್ಲಿಲ್ಲ, ಹೋಗಿ ಗೋಡೆ ಮೇಲಿನ ಟೈಮ್‌ಟೇಬಲಲ್ಲಿ ಗುರುವಾರದ ಮೂರನೇ ಪೀರಿಯಡ್ ಸುತ್ತ ಕೆಂಪು ಸ್ಕೆಚ್ಚಲ್ಲಿ ಒಂದು ಗುಂಡು ಹಾಕಿದ್ಲು.